ಮೇಲೇಳುವ ಕುರ್ಚಿ

ಕ್ಷೌರಿಕ: ಗೊತ್ತಿದ್ದೂ ಹೇಳಲಿಲ್ಲ ನೀನು.

ಫೋಟೋದವ: ಊರಿಗೆಲ್ಲ ಗೊತ್ತಿರೋದನ್ನ ಏನಂತ ಹೇಳೋದು? ನಿನ್ನ ಅಂಗಡಿಗೆ ಬಾಗಿಲಿದೆ ಅಂತಾನೂ ಹೇಳಬೇಕಾ?

ಪಕ್ಕದ ಸ್ಟುಡಿಯೋದ ಫೋಟೋದವನು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ. ಅವನು ಕೂತ ಕುರ್ಚಿಯ ಬುಡದಲ್ಲೊಂದು ಪೆಡಲ್ ಇದೆ. ಒತ್ತಿದರೆ ಕುರ್ಚಿ ಮೇಲೇಳುತ್ತದೆ. ಈ ಸಂಗತಿ ಕ್ಷೌರಿಕನಿಗೆ ತಿಳಿದದ್ದು ನಿನ್ನೆ. ಕುರ್ಚಿ ಬಂದು ಇಪ್ಪತ್ತು ವರ್ಷ ದಾಟಿತ್ತು.

ಕ್ಷೌರಿಕ: ಹೆಂಡ್ತಿ ಗುಡಿಸೋಕೆ ಬಂದವಳು ತುಳಿದ್ಲು. ಕುರ್ಚಿ ಒಂದಿಂಚು ಮೇಲೆದ್ದು ನಿಲ್ತು. ಇಷ್ಟು ವರ್ಷ ನಾನು ಆ ಪೆಡಲ್ ಮೇಲೆ ಒದ್ದೆ ಟವೆಲ್ ಒಣಗಿಸ್ತಿದ್ದೆ.

ಫೋಟೋದವ: ಅದನ್ನೂ ನೋಡಿದೀನಿ. ಪೆಡಲ್ಲಿಗೆ ಹೀಗೂ ಒಂದು ಉಪಯೋಗ ಇದೆ ಅಂದ್ಕೊಂಡೆ.

ಕ್ಷೌರಿಕ: ಬಗ್ಗಿ ಬಗ್ಗಿ ಬೆನ್ನು ಹಿಡ್ಕೊಂಡಿದೆ. ಮುಂದಿನ ತಿಂಗಳು ಅಂಗಡಿ ಮುಚ್ಚೋದು ಅಂತ ತೀರ್ಮಾನ ಮಾಡಿದ್ದೆ ಕಣೋ. ದಿನಾ ಇಲ್ಲೇ ಕೂತು ನನ್ನ ನರಳಾಟ ಕೇಳಿದೀಯ.

ಫೋಟೋದವ: ನಿನಗೆ ಬಗ್ಗೋದೇ ಇಷ್ಟ ಅಂದ್ಕೊಂಡೆ. ಒಬ್ಬೊಬ್ಬರದು ಒಂದೊಂದು ಕೈಚಳಕ.

ಕ್ಷೌರಿಕ: ಸರಿ, ಕುರ್ಚಿ ಏಳುತ್ತೆ ಅಂತ ನಿನಗೆ ಹೇಗೆ ಗೊತ್ತು?

ಫೋಟೋದವನು ಕೆಮ್ಮಿದ.

ಕ್ಷೌರಿಕ: ಬೇರೆ ಅಂಗಡೀಲಿ ತಲೆ ಕೊಟ್ಟಿದೀಯ.

ಫೋಟೋದವ: ಬೇರೆ ಊರಲ್ಲಿ. ಒಂದೇ ಸಲ. ಅರ್ಜೆಂಟಿತ್ತು.

ಕ್ಷೌರಿಕ: ಅದಕ್ಕೇ ಒಂದ್ಸಲ ಕಿವಿ ಮೇಲಿನ ಕೂದಲು ಇಲಿ ಕಡಿದ ಹಾಗಿತ್ತು.

ಫೋಟೋದವ: ಮಾತು ತಿರುಗಿಸಬೇಡ. ತನ್ನ ಬೆನ್ನು ತನಗೆ ಕಾಣದು ಅಂತಾರಲ್ಲ, ನಿನ್ನ ವಿಷಯದಲ್ಲಿ ತನ್ನ ಕುರ್ಚೀನೂ ಕಾಣದು. ನಾನು ನೋಡು, ಎದುರಿಗೆ ನಿಂತವರ ಕೂದಲೆಳೆ ಕೂಡ ಬಿಡಲ್ಲ. ಬೋಳು ತಲೆಯವರು ಬಂದ್ರೆ ಬಾಗಿಲಲ್ಲೇ ಗೊತ್ತಾಗುತ್ತೆ, ಟೋಪಿ ಕೊಡ್ತೀನಿ.

ಕ್ಷೌರಿಕನಿಗೆ ರೇಗಿತು. ಪೆಡಲ್ ಮೇಲೆ ಕಾಲಿಟ್ಟು ಒಂದೇ ಸಮನೆ ಒತ್ತಿದ. ಕುರ್ಚಿ ಕಿರುಗುಟ್ಟುತ್ತ ಏರಿತು. ಹಿಂದಿನ ಗೋಡೆಯಲ್ಲಿ, ನಿಂತು ಬಾಚಿಕೊಳ್ಳುವವರಿಗೆಂದು ಎತ್ತರದಲ್ಲಿ ತೂಗುಹಾಕಿದ್ದ ಕನ್ನಡಿ ಈಗ ಫೋಟೋದವನ ಎದುರಿನ ಕನ್ನಡಿಯೊಳಗೆ ಕಂಡಿತು.

ಫೋಟೋದವ: ಸಾಕು ನಿಲ್ಲಿಸು. ಹಿಂದೆ ಯಾರೋ ಬಂದು ಕೂತಿದಾರೆ.

ಕ್ಷೌರಿಕ: ಯಾರು?

ಫೋಟೋದವ: ಯಾರೋ ಪಾಪ, ನೆತ್ತಿ ಪೂರ್ತಿ ಬೋಳು. ಕತ್ತರಿಸೋಕೆ ಏನಿದೆ, ಬೇಗ ಮುಗಿಯುತ್ತೆ. ಅವರನ್ನೇ ಮೊದಲು ಕಳಿಸು.

ಕ್ಷೌರಿಕ: ಅಂಗಡೀಲಿ ಇರೋದು ನಾವಿಬ್ಬರೇ.

ಫೋಟೋದವನು ತಲೆ ಎಡಕ್ಕೆ ವಾಲಿಸಿದ. ಬೋಳು ನೆತ್ತಿಯೂ ವಾಲಿತು. ಬಟ್ಟೆಯೊಳಗಿಂದ ಕೈ ತೆಗೆದು ಮೆಲ್ಲಗೆ ನೆತ್ತಿ ಮುಟ್ಟಿಕೊಂಡ. ಅವನ ಮುಖ ಸಪ್ಪಗಾಯಿತು.

ಫೋಟೋದವ: ಯಾವಾಗಿಂದ?

ಕ್ಷೌರಿಕ: ಹತ್ತು ವರ್ಷ ಆಗಿರಬೇಕು.

ಫೋಟೋದವ: ಪ್ರತಿ ಸಲ ಹಿಂದೆ ಕೈಗನ್ನಡಿ ಹಿಡಿದು ತೋರಿಸ್ತಿದ್ಯಲ್ಲೋ.

ಕ್ಷೌರಿಕ: ಕಿವಿಯಿಂದ ಮೇಲಕ್ಕೆ ಯಾವತ್ತಾದ್ರೂ ಎತ್ತಿದೀನಾ? ಅದು ನನ್ನ ಕೈಚಳಕ.

ಫೋಟೋದವ: ನನ್ನ ಹೆಂಡ್ತಿಗೆ ಗೊತ್ತಾ?

ಕ್ಷೌರಿಕ: ಊರಿಗೆಲ್ಲ ಗೊತ್ತಿರೋದನ್ನ ಏನಂತ ಹೇಳೋದು?



ಫೋಟೋದವ: ಕುರ್ಚಿ ಇಳಿಸು.

ಕ್ಷೌರಿಕ ಬೆನ್ನು ನೆಟ್ಟಗೆ ಮಾಡಿಕೊಂಡು ಕತ್ತರಿ ಎತ್ತಿಕೊಂಡ.

ಕ್ಷೌರಿಕ: ಇಳಿಸೋದು ಹೇಗೆ ಅಂತ ನನಗಿನ್ನೂ ಗೊತ್ತಾಗಿಲ್ಲ.