ಹೊಟ್ಟೆ ಬಂದ ಅಕ್ಷರಗಳು

ಎಲ್ಲ ಶುರುವಾದದ್ದು ಸತ್ತೆವ್ವಜ್ಜಿಯ ಟ್ರಂಕಿನಿಂದ. ಮುಚ್ಚಳದ ಒಳಗೆ ಅಂಟಿಸಿದ್ದ ಹಳೇ ಕಂಪನಿ ನಾಟಕದ ಜಾಹೀರಾತಿನಲ್ಲಿ ಒಂದೊಂದು ಅಕ್ಷರವೂ ಹೋಳಿಗೆ ಊಟ ಮುಗಿಸಿ ಒರಗಿ ಕೂತ ಬೀಗರಂತೆ ಹೊಟ್ಟೆ ಮುಂದೆ ಮಾಡಿಕೊಂಡಿತ್ತು. ಮೊಮ್ಮಗ ಸಾಗರ ಮರುಳಾದ. ಆರು ತಿಂಗಳು ಕಂಪ್ಯೂಟರಿಗೆ ಅಂಟಿ ಕೂತು, ಹಳದಿ ಮೈ ಕೆಂಪು ನೆರಳಿನ ಇಡೀ ವರ್ಣಮಾಲೆಯನ್ನೇ ಮರಳಿ ಹುಟ್ಟಿಸಿದ.

ದಾಂಡೇಲಿಯಲ್ಲಿ ಅವನು ಕೆಲಸಕ್ಕಿದ್ದ ಫ್ಲೆಕ್ಸ್ ಅಂಗಡಿಯ ಮಾಲೀಕ ಶೇಖಪ್ಪನಿಗೆ ಅದು ಹಿಡಿಸಲಿಲ್ಲ.

"ಅಕ್ಷರನ ಇಷ್ಟ ಜಾಗಾ ತಿಂದ್ರ ಶುಭ ಕೋರಾವ್ರ ಮಾರಿ ಎಲ್ಲಿ ಹಾಕೂದೋ? ಒಂದ ಸಲ ನೋಡ್ತೇನಿ. ಒಬ್ಬ ಗಿರಾಕಿ ತಕರಾರ ತಗದ್ನೋ, ಎಲ್ಲಾ ಅಳಿಸಿಬಿಡೂದು. ತಿಳೀತಿಲ್ಲೋ?"

ಆ ಒಂದು ಸಲ ಎಂದರೆ ಕಾಗದದ ಮಿಲ್ಲಿನ ಲಗಮಪ್ಪನ ನಿವೃತ್ತಿ ಸಮಾರಂಭ. ಬೆಳಿಗ್ಗೆ ಬಸ್ ಸ್ಟ್ಯಾಂಡಿನೆದುರು ಬ್ಯಾನರ್ ಏರಿತು: 'ಲಗಮಪ್ಪನ ಬೀಳ್ಕೊಡುಗೆ. ಇಂದು ಸಂಜೆ ನಾಲ್ಕಕ್ಕೆ.' ಧಾರವಾಡ, ಬೆಳಗಾವಿ ಕಡೆಯಿಂದ ಬಂದು ನೆಲೆಸಿದ ಮಿಲ್ಲಿನ ಮಂದಿಗೆ ಆ ದಪ್ಪ ಅಕ್ಷರ ಕಂಡರೆ ಒಂದೇ ಅರ್ಥ: ನಾಟಕ ಕಂಪನಿ ಬಂದಿದೆ!

ಸಾಗರನ ಪಕ್ಕದ ಮನೆಯ ಸುಶೀಲವ್ವ ನೇರ ಅಂಗಡಿಗೇ ಬಂದಳು.

"ತಮ್ಮಾ, ಲಗಮಪ್ಪನ ಪಾರ್ಟು ಯಾರ ಮಾಡ್ತಾರ?"

"ಲಗಮಪ್ಪನ ಬರ್ತಾನ್ರಿ ಅಕ್ಕಾರ. ಇದು ನಾಟಕ ಅಲ್ರಿ, ರಿಟೈರಮೆಂಟು."

"ಭಾಳ ಶ್ಯಾಣ್ಯಾ ಅದಿ! ಕತಿ ಈಗ ಹೇಳಬಾರದು ಅಂದ್ರ ಬಿಡು." ಅವಳು ಕಣ್ಣು ಮಿಟುಕಿಸಿ ಹೋದಳು. ಮಧ್ಯಾಹ್ನದೊಳಗೆ ಸುದ್ದಿ ಹಳಿಯಾಳದ ಬಸ್ಸು ಹತ್ತಿತ್ತು.

ನೂರು ಕುರ್ಚಿಯ ಸಭಾಭವನಕ್ಕೆ ನಾನೂರು ಜನ ನುಗ್ಗಿದರು. ಲಗಮಪ್ಪ ವೇದಿಕೆ ಹತ್ತಿದ್ದೇ ತಡ, ಸಿಳ್ಳೆ! ಮನೆಯಲ್ಲಿ ಯಾರೂ ಕಿವಿಗೊಡದ ಮನುಷ್ಯ. ಇಷ್ಟು ಕಿವಿ ಸಿಕ್ಕಾಗ ಬಿಟ್ಟಾನೆಯೇ? ಬಾಯ್ಲರಿನ ಬಗ್ಗೆಯೇ ಎರಡು ತಾಸು ಮಾತಾಡಿದ. ಈಗ ಹಾಸ್ಯದವನು ಬರುತ್ತಾನೆ, ಇನ್ನೇನು ನಾಯಕಿ ಬರುತ್ತಾಳೆ ಎಂದು ಜನ ಕಾದರು. ಬಂದದ್ದು ಶಾಲು, ಹಣ್ಣಿನ ಬುಟ್ಟಿ, ವಂದನಾರ್ಪಣೆ.

ಸುಶೀಲವ್ವ ಗೇಟಿನಲ್ಲೇ ಸಾಗರನನ್ನು ಹಿಡಿದಳು. "ಎರಡ ತಾಸು ಬಾಯ್ಲರ್ ಕತಿ ಕೇಳಿಸಿದ್ಯಲ್ಲೋ ಮೂಳಾ! ಇನ್ನ ಆ ಅಕ್ಷರ ಕಂಡ್ರ ಹಾದಿ ಬದಲಿ ಮಾಡ್ತೇನಿ!" ಸುತ್ತಲಿನವರೆಲ್ಲ "ನಾವೂ! ನಾವೂ!" ಎಂದರು.

ಆದರೆ ಲಗಮಪ್ಪ ಓಡಿ ಬಂದು ಅಪ್ಪಿಕೊಂಡ. "ನನ್ನ ಹೆಸರ ಇಷ್ಟ ದಪ್ಪ ಯಾರೂ ಬರದಿದ್ದಿಲ್ಲೋ ತಮ್ಮಾ!" ಅವನ ಕಣ್ಣು ಒದ್ದೆಯಾಗಿತ್ತು.

ಪಕ್ಕದಲ್ಲೇ ನಿಂತಿದ್ದ ಶೇಖಪ್ಪನೂ ಕರಗಿದ. "ಬೈದಾವ್ರು ಗಿರಾಕಿ ಅಲ್ಲ. ಗಿರಾಕಿ ಖುಷಿ ಅದಾನ. ಇರಲಿ ನಿನ್ನ ಅಕ್ಷರ."

ಸಾಗರ ತೇಲುತ್ತಾ ಅವನೊಂದಿಗೆ ಅಂಗಡಿಗೆ ಬಂದರೆ ಅಲ್ಲೊಬ್ಬ ಉದ್ದ ಕೂದಲಿನ ಮನುಷ್ಯ ಕೂತಿದ್ದ: ಸೋಮಪ್ಪ, ನಾಟಕ ಕಂಪನಿಯ ಮಾಲೀಕ. ನಿಜವಾದ ನಾಟಕ, ನಾಳೆಯಿಂದ! ಇಪ್ಪತ್ತು ಬ್ಯಾನರ್ ಬೇಕಂತೆ. ಯಾರಿಗಾಗಿ ಈ ಅಕ್ಷರ ಹುಟ್ಟಿತ್ತೋ ಅವರೇ ಮನೆ ಬಾಗಿಲಿಗೆ! ಸಾಗರ ಪರದೆಯ ಮೇಲೆ ಅದನ್ನು ತೋರಿಸಿದ.

ಸೋಮಪ್ಪ ಹಾವು ತುಳಿದವನಂತೆ ಹಿಂದೆ ಹಾರಿದ.

"ಬ್ಯಾಡೋ ಯಪ್ಪಾ! ಗೇಟಿನ್ಯಾಗ ನಿಂತ ಎಲ್ಲಾ ಕೇಳೇನಿ. ಇದನ್ನ ಹಾಕಿದ್ರ ಮಂದಿ ಮತ್ತ ಬಾಯ್ಲರ್ ಭಾಷಣ ಅಂತ ಓಡಿ ಹೋಗ್ತಾರ." ಗೋಡೆಗೆ ತೂಗುಹಾಕಿದ್ದ ಪುಣ್ಯತಿಥಿ ಕಾರ್ಡಿನತ್ತ ಬೆರಳು ಮಾಡಿದ. "ಅಲ್ಲೈತಿ ನೋಡು, ಬಡಕಲ ಅಕ್ಷರ. ಅದನ್ನ ಹಾಕು."

ಶೇಖಪ್ಪ ಮೆಲ್ಲಗೆ ಕೆಮ್ಮಿದ.

"ಸಾಗರಾ, ಇವ್ರು ಗಿರಾಕಿ ಹೌದಲ್ಲೋ?"