ನಾನು ರುಮಾಲ ರುದ್ರಪ್ಪನಾದದ್ದು

ನನ್ನೊಳಗೊಬ್ಬ ನಾಟಕಕಾರ ಅಡಗಿದ್ದಾನೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಎಂಬತ್ತರ ದಶಕದಲ್ಲಿ ನಾನು ಕುಂದಗೋಳದ ಹತ್ತಿರದ ಕುಬಿಹಾಳದಲ್ಲಿ ಕನ್ನಡ ಮಾಸ್ತರನಾಗಿದ್ದೆ. ಆ ವರ್ಷ ಗಣಪತಿ ಹಬ್ಬಕ್ಕೆ ಊರವರೇ ಒಂದು ನಾಟಕ ಆಡಬೇಕೆಂದು ಗಣಪತಿ ಕಮಿಟಿ ಠರಾವು ಮಾಡಿತು. ಕಮಿಟಿಯ ಹಿರಿಯ ಚನಬಸಪ್ಪ, ಹಿಟ್ಟಿನ ಗಿರಣಿಯವರು, ಮನೆಗೆ ಬಂದು ಒಂದು ನಾಟಕ ಬರೆದುಕೊಡಿರೆಂದು ಕೇಳಿದರು. ಕೇಳಿ ಮುಗಿಸುವ ಮೊದಲೇ ನಾನು ಒಪ್ಪಿಕೊಂಡಿದ್ದೆ.

ವಿಷಯವೂ ಸಿದ್ಧವಿತ್ತು. ಆ ಊರಿನ ತಾಯಂದಿರು ಮಲಗದ ಮಕ್ಕಳಿಗೆ, "ರುಮಾಲ ರುದ್ರಪ್ಪ ಬಂದ ನೋಡ" ಎಂದು ಹೆದರಿಸುವುದನ್ನು ಕೇಳಿದ್ದೆ. ಯಾರು ಈ ರುದ್ರಪ್ಪ ಎಂದರೆ ಹೆದರಿಸುವವರಿಗೇ ಗೊತ್ತಿರಲಿಲ್ಲ. ಚನಬಸಪ್ಪನವರು ಮಾತ್ರ ತಮ್ಮ ತಂದೆಯಿಂದ ಕೇಳಿದ್ದನ್ನು ಹೇಳಿದರು. ಬ್ರಿಟಿಷರ ಕಾಲದಲ್ಲಿ ಯರಗುಪ್ಪಿಯ ದಾರಿಯಲ್ಲಿ, ಎರೆಹೊಲಗಳ ನಡುವೆ, ಅವನು ಒಂಟಿ ಪ್ರಯಾಣಿಕರನ್ನು ನಿಲ್ಲಿಸಿ ಬಹಳ ಮರ್ಯಾದೆಯಿಂದ "ತಂಬಾಕ ಐತೇನ್ರಿ?" ಎಂದು ಕೇಳುತ್ತಿದ್ದನಂತೆ. ಅವರು ಸಂಚಿಯೊಳಗೆ ಕೈಹಾಕಿದಾಗ ತನ್ನ ತಲೆಯ ರುಮಾಲು ಬಿಚ್ಚಿ ಕುತ್ತಿಗೆಗೆ ಬಿಗಿಯುತ್ತಿದ್ದನಂತೆ. ಹಾಗೆ ಎಷ್ಟೋ ಮಂದಿ ಸತ್ತ ಮೇಲೆ ಸರಕಾರ ಅವನನ್ನು ಹಿಡಿದು ಗಲ್ಲಿಗೆ ಹಾಕಿತು. ಊರು ಮರೆತೂಬಿಟ್ಟಿತು.

ಇಂಥ ರತ್ನ ಮಣ್ಣುಪಾಲಾಗಬಾರದೆಂದು ನನಗೆ ತೀವ್ರವಾಗಿ ಅನಿಸಿತು.

ಗಣಪ್ಪನ ಮುಂದೆ ಕೊಲೆಗಾರನ ನಾಟಕ ಏನು ಚೆಂದ ಎಂದು ನನ್ನ ಹೆಂಡತಿ ಸರೋಜಾ ಕೇಳಿದಳು. ಇದು ಕೊಲೆಯ ನಾಟಕವಲ್ಲ, ಮನುಷ್ಯನ ಅಂತರಂಗದ ಶೋಧನೆ ಎಂದು ನಾನು ವಿವರಿಸಿದೆ. ಅವಳು ಸ್ವಲ್ಪ ಯೋಚಿಸಿ, ಹಾಗಾದರೆ ಕೊಲೆಯನ್ನೂ ಒಂದಿಷ್ಟು ಜಾಸ್ತಿಯೇ ಇಡಿ, ಇಲ್ಲದಿದ್ದರೆ ಯಾರೂ ಬರುವುದಿಲ್ಲ ಎಂದಳು.

ಸಾಮಗ್ರಿ ಸಂಗ್ರಹಕ್ಕೆ ಮನೆಮನೆಗೆ ಹೊರಟೆ. ರುದ್ರಪ್ಪನ ಬಗ್ಗೆ ಮಾಸ್ತರು ನಾಟಕ ಬರೆಯುತ್ತಾರಂತೆ ಎಂಬ ಸುದ್ದಿ ನನಗಿಂತ ಮುಂದೆ ಓಡಿತ್ತು. ನಿನ್ನೆಯವರೆಗೆ ಅವನ ಹೆಸರೇ ನೆನಪಿರದ ಊರಿಗೆ ಇವತ್ತು ಎಲ್ಲವೂ ನೆನಪಾಗಿಬಿಟ್ಟಿತು. ಒಂದು ಮನೆಯ ಮುತ್ತಜ್ಜ ರುದ್ರಪ್ಪನ ಕೈ ತಿರುವಿ ತಪ್ಪಿಸಿಕೊಂಡಿದ್ದ. ಇನ್ನೊಂದು ಮನೆಯವನು ಓಡಿ ತಪ್ಪಿಸಿಕೊಂಡಿದ್ದ. ಮೂರನೆಯವನು ಕುಂದಗೋಳದಲ್ಲಿ ಹಾಡುಗಾರಿಕೆ ಕೇಳಿಕೊಂಡು ಬರುವಾಗ ಸಿಕ್ಕಿಬಿದ್ದು, ತಾನು ಕೇಳಿದ ರಾಗವನ್ನೇ ಹಾಡಿಬಿಟ್ಟಿದ್ದ. ರುದ್ರಪ್ಪ ಕೈಮುಗಿದು ಹೊರಟುಹೋಗಿದ್ದ. ಆ ಮನೆಯವರ ಕಂಠವನ್ನು ನಾನು ಬಲ್ಲೆನಾದ್ದರಿಂದ, ಅವನು ಯಾಕೆ ಹೋದನೆಂಬುದು ನನಗೆ ಬೇರೆ ರೀತಿಯಲ್ಲಿ ಹೊಳೆಯಿತು.

ಅವನ ರೂಪವೂ ಮನೆಗೊಂದು. ಇಲ್ಲಿ ತಾಳೆಮರದಂತೆ ಎತ್ತರ, ಅಲ್ಲಿ ಗಿಡ್ಡ. ಒಂದು ಕಡೆ ಹುರಿಮೀಸೆ, ಇನ್ನೊಂದು ಕಡೆ ನುಣ್ಣನೆಯ ಮುಖ. ಆದರೆ ಒಂದು ವಿಷಯದಲ್ಲಿ ಊರಿಗೆ ಊರೇ ಒಮ್ಮತದಿಂದಿತ್ತು. ಎಲ್ಲರ ಮನೆಯವರೂ ತಪ್ಪಿಸಿಕೊಂಡಿದ್ದರು. ಸತ್ತವರು ಒಬ್ಬರೂ ಇರಲಿಲ್ಲ!

ಕೆರೆಯ ಆಚೆ ನೀಲವ್ವ ಎಂಬ ಮುದುಕಿಯ ಮನೆಗೂ ಹೋಗಿದ್ದೆ. ಆಕೆ ಚಹಾ ಕೊಟ್ಟು ಎದುರಿಗೆ ಕುಳಿತಳು. ರುದ್ರಪ್ಪ ನೋಡಲು ಹೇಗಿದ್ದ, ಹೇಗೆ ಮಾತಾಡುತ್ತಿದ್ದ ಎಂದು ಕೇಳಿದೆ. ತನಗೆ ಅವನ ಸುದ್ದಿ ಏನೂ ಗೊತ್ತಿಲ್ಲ ಎಂದಳು. ಇಲ್ಲಿ ಸರಕಿಲ್ಲವೆಂದು ನಾನು ಚಹಾ ಮುಗಿಸಿ ಎದ್ದುಬಂದೆ.

ನಾಟಕ ಬರೆದದ್ದಾಯಿತು. ಮೂರು ಅಂಕ. ಮೊದಲನೆಯದರಲ್ಲಿ ಕೊಲೆ, ಎರಡನೆಯದರಲ್ಲಿ ವಿಚಾರಣೆ, ಮೂರನೆಯದರಲ್ಲಿ ಜೈಲಿನಲ್ಲಿ ರುದ್ರಪ್ಪನ ಪಶ್ಚಾತ್ತಾಪ, ಒಂದು ದೀರ್ಘ ಹಾಡಿನ ಸಮೇತ. ಆದರೆ ಪಾತ್ರ ಹಂಚುವಾಗ ದೊಡ್ಡ ಜಗಳವೇ ಶುರುವಾಯಿತು. ಹುಬ್ಬಳ್ಳಿಯ ಟಾಕೀಜಿನಲ್ಲಿ ಖಳನಾಯಕನಿಗೇ ಸೀಟಿ ಹೊಡೆದು ಬರುತ್ತಿದ್ದ ನಮ್ಮ ಹುಡುಗರಿಗೆಲ್ಲ ರುದ್ರಪ್ಪನೇ ಬೇಕಾಗಿದ್ದ. ಸಾಯಲು ಯಾರೂ ತಯಾರಿಲ್ಲ. ಕೊನೆಗೆ ಜಗಳ ತಪ್ಪಿಸಲೆಂದು ಬರೆದವರೇ ಆಡಲಿ ಎಂದು ಚನಬಸಪ್ಪನವರು ತೀರ್ಪು ಕೊಟ್ಟರು. ನಾನು ಬೇಡಬೇಡವೆಂದೆ. ಆ ಹೊತ್ತಿಗಾಗಲೇ ಕನ್ನಡಿಯ ಮುಂದೆ ನಿಂತು ಮೀಸೆಯ ಅಳತೆ ನೋಡಿಕೊಂಡಿದ್ದೆನೆಂಬುದು ಅವರಿಗೆ ಗೊತ್ತಿರಲಿಲ್ಲ.

ಸಾಯಲು ಒಪ್ಪಿದವರು ಹುಸೇನಸಾಬರೊಬ್ಬರೇ. ಊರಿನ ಟೇಲರ್. ಹೇಗೂ ನಾಟಕದ ಬಟ್ಟೆ ಹೊಲಿಯಲು ಬರುತ್ತೇನೆ, ಬಂದಾಗ ಹಾಗೇ ಸತ್ತು ಹೋಗುತ್ತೇನೆ ಎಂದರು. ಬಹಳ ಮೆದು ಮಾತಿನ ಮನುಷ್ಯ. ಹರೆಯದಲ್ಲಿ ಗರಡಿಮನೆಯಲ್ಲಿ ಕುಸ್ತಿ ಆಡಿದವರೆಂದು ಯಾರೋ ಹೇಳಿದ್ದರು. ನಾನು ಆ ಮಾತಿಗೆ ಮಹತ್ವ ಕೊಡಲಿಲ್ಲ.

ಅಭ್ಯಾಸ ಮಾತ್ರ ಶ್ರದ್ಧೆಯಿಂದ ಮಾಡಿದೆ. ಮನೆಯ ಕಂಬಕ್ಕೆ, ತಲೆದಿಂಬಿಗೆ, ನೀರಿನ ಹಂಡೆಗೆ ರುಮಾಲು ಬಿಗಿದು ಕೈ ಪಳಗಿಸಿಕೊಂಡೆ. ನನ್ನ ಅಟ್ಟಹಾಸ ಕೇಳಿ ಹಾಲು ಹಾಕುವ ಹೆಂಗಸು ಚರಿಗೆಯನ್ನು ಹೊರಗಿಟ್ಟೇ ಹೋಗತೊಡಗಿದಳು. ಶಾಲೆಯಲ್ಲಿ ನಾನು ಹೆಗಲ ಮೇಲಿನ ಟವೆಲ್ಲಿಗೆ ಕೈಹಾಕಿದರೆ ಸಾಕು, ತರಗತಿ ಗಪ್ಪಾಗುತ್ತಿತ್ತು. ಇಷ್ಟು ವರ್ಷ ಪಾಠ ಮಾಡಿ ಬರದಿದ್ದ ಶಿಸ್ತು ಕೊಲೆಯಿಂದ ಬಂತಲ್ಲ ಎಂದು ನನಗೆ ಹೆಮ್ಮೆಯಾಯಿತು. ಸರೋಜಾ ಮಾತ್ರ ನಾಟಕ ಮುಗಿಯುವವರೆಗೆ ನನಗೆ ಊಟಕ್ಕೆ ಬಡಿಸಿ ದೂರವೇ ಕುಳಿತಳು.

ನಾಟಕದ ದಿನ ದೀಪ ಹಚ್ಚುವ ಹೊತ್ತಿಗೇ ಗಣಪ್ಪನ ಪೆಂಡಾಲು ತುಂಬಿತು. ಪರದೆಯ ಸಂದಿಯಿಂದ ನೋಡಿದೆ. ಎಲ್ಲಕ್ಕಿಂತ ಮುಂದೆ, ಕೌದಿ ಹಾಸಿಕೊಂಡು, ನೀಲವ್ವ ಕುಳಿತಿದ್ದಳು. ಮುದುಕಿಗೂ ನನ್ನ ಕಲೆಯ ಮೇಲೆ ಆಸೆ ಹುಟ್ಟಿತಲ್ಲ ಎಂದುಕೊಂಡೆ.

ಪರದೆ ಮೇಲೆದ್ದಿತು. ನಾನು ಹುರಿಮೀಸೆ, ಕೆಂಪು ರುಮಾಲಿನಲ್ಲಿ ಪ್ರವೇಶಿಸಿದ ಕೂಡಲೇ ಸೀಟಿಯ ಮಳೆ. ಹುಸೇನಸಾಬರು ಗಂಟು ಹೊತ್ತು ಎದುರಿನಿಂದ ಬಂದರು. ನಾನು ಮರ್ಯಾದೆಯಿಂದ ತಂಬಾಕು ಕೇಳಿದೆ. ಅವರು ಸಂಚಿಗೆ ಕೈಹಾಕಿದರು. ನಾನು ರುಮಾಲು ಬಿಚ್ಚಿ ಅವರ ಕುತ್ತಿಗೆಗೆ ಹಾಕಿ, ಅಭ್ಯಾಸ ಮಾಡಿದ್ದ ಅಟ್ಟಹಾಸಕ್ಕೆಂದು ಬಾಯಿ ತೆರೆದೆ.

"ಮಾಸ್ತರ, ಸ್ವಲ್ಪ ತಡೀರಿ."

ನೀಲವ್ವ ಕೋಲು ಊರಿಕೊಂಡು ಎದ್ದು ನಿಂತಿದ್ದಳು.

"ಇಂವ ಯಾರು?"

ನಾಟಕದ ನಡುವೆ ಹೀಗೆ ಕೇಳಬಾರದೆಂದು ಹೇಳಬೇಕಿತ್ತು. ಆದರೆ ಬಾಯಿ ತೆರೆದೇ ಇತ್ತಾದ್ದರಿಂದ ಉತ್ತರ ತಾನಾಗಿ ಬಂತು. "ಪ್ರಯಾಣಿಕ" ಎಂದೆ.

"ಅವಗ ಹೆಸರಿಲ್ಲೇನು?"

ಇರಲಿಲ್ಲ. ನನ್ನ ನಾಟಕದಲ್ಲಿ ಫೌಜದಾರನಿಗೆ ಹೆಸರಿತ್ತು, ಅವನ ಕುದುರೆಗೂ ಹೆಸರಿತ್ತು. ಸಾಯುವವರಿಗೆ ಮಾತ್ರ ಹೆಸರಿಡುವುದು ನನಗೆ ಹೊಳೆದಿರಲಿಲ್ಲ. 

"ನಮ್ಮಪ್ಪ ಹಿಂಗ ಹೋದಾಂವ" ಎಂದಳು ನೀಲವ್ವ. ಜೋರಾಗಿ ಹೇಳಲಿಲ್ಲ. ಆದರೂ ಪೆಂಡಾಲಿನ ತುದಿಯವರೆಗೆ ಕೇಳಿಸಿತು. "ವೀರಪ್ಪ ಅಂತ. ಯರಗುಪ್ಪಿ ಹಾದ್ಯಾಗ ಹೋದ. ನಾ ಇನ್ನಾ ಅವ್ವನ ಹೊಟ್ಟ್ಯಾಗಿದ್ದೆ. ಅಂವನ ಮಾರಿ ನೋಡಿಲ್ಲ. ಇಲ್ಲೆರ ನೋಡೂಣು ಅಂತ ಬಂದೇನ್ರಿ."

ಅಂದು ಮನೆಗೆ ಬಂದಾಗ ಯಾಕೆ ಹೇಳಲಿಲ್ಲ ಎಂದು ನಾನು ತೊದಲಿದೆ.

"ನೀವು ರುದ್ರಪ್ಪನ ಕೇಳಿದ್ರಿ. ಅಂವನ ಸುದ್ದಿ ನನಗೇನ ಗೊತ್ತು? ನಮ್ಮಪ್ಪನ ಯಾರ ಕೇಳಿದ್ರು?"

ತಪ್ಪಿಸಿಕೊಂಡವರ ಮೊಮ್ಮಕ್ಕಳೆಲ್ಲ ನೆಲ ನೋಡುತ್ತಿದ್ದರು. ಆಗ ಹುಸೇನಸಾಬರು ನನ್ನ ರುಮಾಲನ್ನು ಎರಡು ಬೆರಳಿನಿಂದ ಕುತ್ತಿಗೆಯಿಂದ ಸರಿಸಿ, ಹೆಜ್ಜೆ ಮುಂದಿಟ್ಟು, ಮುದುಕಿಯನ್ನು ನೋಡಿದರು.

"ನಾನ ವೀರಪ್ಪ, ಬೇ. ಕುಂದರು."

ನೀಲವ್ವ ಕುಳಿತಳು. ಕಣ್ಣು ಮಾತ್ರ ಅವರ ಮುಖ ಬಿಟ್ಟು ಕದಲಲಿಲ್ಲ.

ಆದರೆ ಇನ್ನೂ ಎರಡು ಅಂಕ, ಒಂದು ಹಾಡು ಬಾಕಿ ಇದ್ದವಲ್ಲ! ನಾಟಕ ಮುಂದೆ ಹೋಗಬೇಕಾದರೆ ಪ್ರಯಾಣಿಕ ಸಾಯಲೇಬೇಕು. ನಾನು ಮತ್ತೆ ರುಮಾಲು ಹಾಕಿ, ಅವರ ಕಿವಿಯಲ್ಲಿ ಸಾಯಿರಿ ಎಂದು ಪಿಸುಗುಟ್ಟಿದೆ.

"ಸಾಯಂಗಿಲ್ರಿ ಸರ" ಎಂದರು ಹುಸೇನಸಾಬರು, ಅಷ್ಟೇ ಮೆತ್ತಗೆ. "ಆಯಿ ಎದರಿಗೆ ಕುಂತಾಳ. ಹೆಂಗ ಸಾಯ್ಲಿ?"

ನಾನು ರುಮಾಲನ್ನು ಸ್ವಲ್ಪ ಬಿಗಿದೆ. ಅದು ಕಲೆಗಾಗಿ. ಮುಂದಿನ ಕ್ಷಣ ಪೆಂಡಾಲಿನ ಛಾವಣಿ ನನ್ನ ಕಾಲ ಕೆಳಗಿತ್ತು. ಕುಸ್ತಿಯಲ್ಲಿ ಆ ಪಟ್ಟಿಗೆ ಏನೋ ಹೆಸರಿದೆಯಂತೆ, ಆಮೇಲೆ ಹೇಳಿದರು. ನಾನು ಬಿದ್ದ ಸದ್ದಿಗೆ ಜನ ಒಮ್ಮೆಲೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ದಿನ ರುದ್ರಪ್ಪನ ಪಾತ್ರಕ್ಕೆ ಬಡಿದಾಡಿದ್ದ ಹುಡುಗರೇ ರಂಗಕ್ಕೆ ಹತ್ತಿ, ಹೆಸರಿಲ್ಲದ ಪ್ರಯಾಣಿಕರಾಗಿ, ಆಳಿಗೊಂದು ಗುದ್ದು ಕೊಟ್ಟರು. ಅವರಲ್ಲಿ ಕೆಲವರಿಗೆ ಕಳೆದ ಪರೀಕ್ಷೆಯಲ್ಲಿ ನಾನು ಕಡಿಮೆ ಅಂಕ ಕೊಟ್ಟಿದ್ದೆ. ಮೀಸೆ ಕಿತ್ತು ನನ್ನ ಬಾಯೊಳಗೇ ಹೋಯಿತು. ಪಕ್ಕದಲ್ಲಿ ಮಾತು ಎತ್ತಿಕೊಡುತ್ತಿದ್ದ ಚನಬಸಪ್ಪನವರು ಗಾಬರಿಯಲ್ಲಿ ಮೂರನೆಯ ಅಂಕದ ಪಶ್ಚಾತ್ತಾಪವನ್ನೇ ಓದತೊಡಗಿದರು. ಸಂದರ್ಭಕ್ಕೆ ಅದು ಸರಿಯಾಗಿಯೇ ಇತ್ತು. ಕೊನೆಗೆ ನನ್ನದೇ ರುಮಾಲಿನಿಂದ ನನ್ನನ್ನು ಪೆಂಡಾಲಿನ ಕಂಬಕ್ಕೆ ಕಟ್ಟಿದರು. ನಾಟಕ ಮುಗಿಯಿತೆಂದು ಪರದೆಯವನು ಪರದೆ ಬಿಟ್ಟ.

ನೀಲವ್ವ ರಂಗದ ಮೇಲೆ ಬಂದಳು. ಹುಸೇನಸಾಬರ ಮುಖವನ್ನು ಎರಡೂ ಕೈಯಿಂದ ಸವರಿ, ನೆಟಿಗೆ ಮುರಿದಳು. "ಭಾಳ ಗಟ್ಟಿ ಅದೀಯಪ್ಪಾ" ಎಂದಳು. ಅವರು ತಲೆ ತಗ್ಗಿಸಿ ನಿಂತಿದ್ದರು. ಕಂಬದಲ್ಲಿದ್ದ ನನ್ನನ್ನು ಆಮೇಲೆ ನೋಡಿ, ಪಾಪ, ಮಾಸ್ತರನ್ನು ಬಿಡಿರಪ್ಪ ಎಂದು ಹುಡುಗರಿಗೆ ಹೇಳಿದಳು. ಆಗಲೇ ನನ್ನ ಬಿಡುಗಡೆಯಾದದ್ದು.

ಮರುದಿನ ನಾನು ಮೈತುಂಬ ಅರಿಸಿನದ ಪಟ್ಟು ಹಾಕಿಸಿಕೊಂಡು ಮಲಗಿದ್ದಾಗ ಚನಬಸಪ್ಪನವರು ಕಮಿಟಿಯ ಸಮೇತ ಬಂದರು. ನಾಟಕ ಅಗದಿ ಛಲೋ ಆಯಿತೆಂದರು. ಸುದ್ದಿ ಯರಗುಪ್ಪಿಗೆ ಮುಟ್ಟಿ, ಅಲ್ಲಿಯ ಗಣಪ್ಪನ ಮುಂದೆಯೂ ಆಡಬೇಕೆಂದು ಹೇಳಿಕಳಿಸಿದ್ದಾರಂತೆ. ನೀಲವ್ವನನ್ನು ಚಕ್ಕಡಿಯಲ್ಲಿ ಕರೆದುಕೊಂಡು ಹೋಗುವ ಏರ್ಪಾಡೂ ಆಗಿದೆಯಂತೆ. ನನ್ನೊಳಗಿನ ನಾಟಕಕಾರ ಆ ನೋವಿನಲ್ಲೂ ಎದ್ದು ಕುಳಿತ. ಅಲ್ಲಿ ಮೂರೂ ಅಂಕ ಆಡೋಣ, ಹಾಡನ್ನೂ ಬಿಡಬಾರದು ಎಂದೆ.

ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದೆಲ್ಲಾ ಬ್ಯಾಡಂತ್ರಿ ಸರ" ಎಂದರು ಚನಬಸಪ್ಪನವರು. "ನಿಮಗ ಹೊಡಿಯೂದಷ್ಟ ಸಾಕಂತ."

ಒಳಗಿನಿಂದ ಸರೋಜಾ ಹೇಳಿದಳು:

"ಬರ್ತಾರಂತ ಹೇಳಿಕಳಸ್ರಿ. ನಾನೂ ಬರ್ತೇನಿ. ನಿನ್ನಿ ಹಿಂದ ಕುಂತಿದ್ದೆ, ಸರಿಯಾಗಿ ಕಾಣ್ಲಿಲ್ಲ."

ಹೋದೆವು. ಯರಗುಪ್ಪಿಯವರು ಅವಳಿಗೆ ಮುಂದಿನ ಸಾಲಿನಲ್ಲೇ ಖುರ್ಚಿ ಹಾಕಿದ್ದರು.