ದೋಣಿಗೆ ತಾಮ್ರದ ತೇಪೆ

ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಈಜು ಬರುತ್ತಿರಲಿಲ್ಲ. ಮೀನು ತಿನ್ನುವುದಿರಲಿ, ಮೀನಿನ ಚಿತ್ರವಿದ್ದ ಕ್ಯಾಲೆಂಡರನ್ನೂ ಅಡುಗೆಮನೆಯಲ್ಲಿ ತೂಗುಹಾಕಲು ಬಿಡದ ಮನುಷ್ಯ. ಬಸ್ಸು ದೇವಿಮನೆ ಘಾಟಿಯ ಎರಡನೇ ತಿರುವು ಇಳಿಯುವಷ್ಟರಲ್ಲಿ ಹೊಟ್ಟೆ ತೊಳಸಿ ನಿಂಬೆಹಣ್ಣು ಮೂಸುತ್ತಿದ್ದ. ಇಂಥವನು ಏನು ಮಾಡಬೇಕು ಹೇಳಿ? ಒಂದು ದೋಣಿ ಕೊಂಡು ಸಮುದ್ರದ ಬಾಯಲ್ಲಿ ಮೀನು ಹಿಡಿಯಲು ಬಿಟ್ಟ!

ಶಿರಸಿ ಪೇಟೆಯಲ್ಲಿ ಅವನದು ಪಾತ್ರೆ ಅಂಗಡಿ. ತಾಮ್ರ ಹಿತ್ತಾಳೆಗಳು ಅಟ್ಟ ಸೇರಿ, ಹಗುರಾದ ಅಲ್ಯೂಮಿನಿಯಂ ಡಬರಿಗಳು ಒಲೆಯ ಮೇಲೆ ಕೂರತೊಡಗಿದ್ದ ಕಾಲ ಅದು. ನಾನು ಅದೇ ಊರಿನ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಬನವಾಸಿಯಿಂದ ಬಂದವನು, ಬೇರೆ ಮನೆ ನೋಡುತ್ತಿದ್ದೇನೆ ಎಂದು ಹೇಳುತ್ತಲೇ ಒಂಬತ್ತು ವರ್ಷ ಕಾಕಾನ ಮನೆಯಲ್ಲಿ ಉಂಡೆ. ಆದ್ದರಿಂದ ಅವನನ್ನು ಗೇಲಿ ಮಾಡುವ ಪೂರ್ಣ ಅಧಿಕಾರ ನನಗಿದೆ.

ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಕುಮಟೆಯಲ್ಲಿ ಹಳೆಯ ಕಚೇರಿಯೊಂದರ ಸಾಮಾನುಗಳ ಲಿಲಾವು ನಡೆಯಿತು. ಕಾಕಾ ಹೋದದ್ದು ಒಂದು ತಕ್ಕಡಿಗಾಗಿ. ನಾನೂ ಜೊತೆಗಿದ್ದೆ. ಕುರ್ಚಿ ಕಪಾಟುಗಳ ಹಿಂದೆ ಹದಿನಾಲ್ಕು ಅಡಿ ಉದ್ದದ ಅಲ್ಯೂಮಿನಿಯಂ ದೋಣಿಯೊಂದು ಬೋರಲು ಬಿದ್ದಿತ್ತು. ಯುದ್ಧದ ಕಾಲದ್ದು ಎಂದು ಯಾರೋ ಹೇಳಿದರು. ಕಾಕಾ ಅದರ ಸುತ್ತ ಮೂರು ಸುತ್ತು ಬಂದ. ಬೆರಳ ಗೆಣ್ಣಿನಿಂದ ಟಣ್ಣೆಂದು ಬಡಿದು ಕಿವಿಗೊಟ್ಟು ಕೇಳಿದ. ಗಿರಾಕಿಗೆ ಡಬರಿ ಕೊಡುವಾಗಲೂ ಅವನು ಮಾಡುತ್ತಿದ್ದುದು ಇದನ್ನೇ.

"ಮಾಲು ಚಲೋ ಐತಿ" ಎಂದ.

"ಕಾಕಾ, ಇದು ದೋಣಿ" ಎಂದೆ.

"ದೋಣಿ ಅಂದ್ರೇನು? ದೊಡ್ಡ ಪಾತ್ರಿ. ನೀರು ಒಳಗಿದ್ರ ಡಬರಿ, ಹೊರಗಿದ್ರ ದೋಣಿ."

ಹರಾಜಿನಲ್ಲಿ ಕಾಕಾ ದೋಣಿಗೇ ಸವಾಲು ಕೂಗಿದ. ತಕ್ಕಡಿ ಬೇರೆಯವರ ಪಾಲಾಯಿತು.

ಶಿರಸಿಗೆ ತಂದರೆ ಕೋಟೆಕೆರೆಯಲ್ಲಿ ತೇಲಿಸಬೇಕು, ಊರೆಲ್ಲ ನಗುತ್ತದೆ. ಅದಕ್ಕೆ ದೋಣಿಯನ್ನು ಕುಮಟೆಯ ಆಚೆ ಅಘನಾಶಿನಿ ನದಿ ಸಮುದ್ರ ಸೇರುವ ದಂಡೆಯಲ್ಲಿ, ಜಟ್ಟಿ ಎಂಬ ಮೀನುಗಾರನ ವಶಕ್ಕೆ ಬಿಟ್ಟ. ದೋಣಿಯ ಒಡೆಯನಿಗೆ ಹಿಡಿದ ಮೀನಿನಲ್ಲಿ ಪಾಲು ಕೊಡುವುದು ಅಲ್ಲಿಯ ಪದ್ಧತಿ. ಈ ಒಡೆಯನಿಗೆ ಮೀನು ಕೊಟ್ಟು ಮಾಡುವುದೇನು? ಜಟ್ಟಿ ಯೋಚಿಸಿ, ಪಾಲಿನ ಮೀನಿನ ಬದಲು ಕುಮಟೆಯ ಸಿಹಿ ಈರುಳ್ಳಿಯ ಜಡೆಗಳನ್ನು ಕೊಡತೊಡಗಿದ. ಘಟ್ಟದ ಕೆಳಗೆ ಬಂಗಡೆ ಮೀನು ಚೆನ್ನಾಗಿ ಬಿತ್ತೆಂದರೆ ಮೇಲೆ ನಮ್ಮ ಮನೆಯಲ್ಲಿ ವಾರಗಟ್ಟಲೆ ಈರುಳ್ಳಿ ಪಲ್ಯ. ಸಮುದ್ರದ ಸ್ಥಿತಿಗತಿ ನಮಗೆ ತಿಳಿಯುತ್ತಿದ್ದದ್ದು ಊಟದ ತಟ್ಟೆಯಿಂದ.

ಈಗ ಉಪ್ಪಿನ ವಿಷಯಕ್ಕೆ ಬರುತ್ತೇನೆ. ಅಲ್ಯೂಮಿನಿಯಂ ಪಾತ್ರೆ ಕೊಳ್ಳುವ ಪ್ರತಿ ಹೆಂಗಸಿಗೂ ಕಾಕಾ ಒಂದು ಉಪದೇಶ ಮಾಡುತ್ತಿದ್ದ. ಒಮ್ಮೆ ಭೈರುಂಬೆ ಕಡೆಯ ಹೆಗಡೇರ ಮನೆಯ ಅಮ್ಮ ಡಬರಿ ಆರಿಸುತ್ತಿದ್ದಾಗಲೂ ಅದನ್ನೇ ಹೇಳಿದ. "ಇದ್ರಾಗ ಉಪ್ಪಿನಕಾಯಿ ಹಾಕಬ್ಯಾಡ್ರಿ ಅಮ್ಮಾರ. ಉಪ್ಪು ಅಂದ್ರ ಇದಕ್ಕ ವೈರಿ."

ಆ ಅಮ್ಮ ಡಬರಿಯನ್ನು ತಿರುಗಿಸಿ ನೋಡುತ್ತ ಕೇಳಿದರು. "ಅಡ್ಡಿಲ್ಲೆ. ನಿಮ್ಮ ದೋಣಿ ಎಲ್ಲಿಟ್ಟಿದ್ರಿ?"

"ಸಮುದ್ರದ ಬಾಯಾಗ."

"ಅಲ್ಲೆಂತ, ಸಕ್ಕರೆ ನೀರಾ?"

ಅವತ್ತು ಕಾಕಾ ಮಧ್ಯಾಹ್ನದ ಊಟ ಸರಿಯಾಗಿ ಮಾಡಲಿಲ್ಲ. ಸಂಜೆಗೆ ಉಪಾಯ ಹೊಳೆಯಿತು. ಉಪ್ಪಿಗೆ ಮದ್ದು ಸಿಹಿನೀರು! ದೋಣಿಯನ್ನು ಆಗಾಗ ತೊಳೆದರಾಯಿತು. ದಂಡೆಯ ಬಾವಿಗಳ ನೀರಿನ ಮೇಲೆ ಅವನಿಗೆ ನಂಬಿಕೆಯಿಲ್ಲ, ಅದರಲ್ಲೂ ಉಪ್ಪಿನ ಅಂಶ ಇರುತ್ತದೆ ಎಂಬ ಗುಮಾನಿ. ಹಾಗಾಗಿ ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ನಮ್ಮ ಮನೆಯ ಬಾವಿಯ ನೀರು ತುಂಬಿದ ಎರಡು ಸೀಮೆಎಣ್ಣೆ ಡಬ್ಬಿಗಳೊಂದಿಗೆ ಕುಮಟೆ ಬಸ್ಸು ಹತ್ತುತ್ತಿದ್ದ.

"ಸಾಹುಕಾರ್ರೆ, ಕೆಳಗೆ ಸಮುದ್ರವೇ ಇದ್ದು. ನೀರಿಗೆಂತ ಬರ?" ಎಂದು ಕಂಡಕ್ಟರ್ ಮೊದಲ ಸಲ ಕೇಳಿದ.

"ಇದು ಸ್ನಾನಕ್ಕ."

"ಯಾರ ಸ್ನಾನಕ್ಕೆ?"

"ದೋಣಿಗೆ."

ಕಂಡಕ್ಟರ್ ಟಿಕೇಟು ಹರಿಯುವುದನ್ನೇ ಮರೆತ. ಮುಂದಿನ ಸಲದಿಂದ "ಇವತ್ತು ತಲೆಸ್ನಾನವೋ ಮೈಸ್ನಾನವೋ?" ಎಂದು ಗಂಭೀರವಾಗಿ ವಿಚಾರಿಸಿಕೊಳ್ಳುತ್ತಿದ್ದ. ಘಾಟಿಯ ತಿರುವುಗಳಲ್ಲಿ ಅರ್ಧ ನೀರು ಚೆಲ್ಲಿ ಸಹಪ್ರಯಾಣಿಕರ ಪಾದಪೂಜೆ ಆಗುತ್ತಿತ್ತು. ಉಳಿದ ಅರ್ಧದಲ್ಲಿ ದೋಣಿಯ ಸ್ನಾನ.

ಇಷ್ಟೆಲ್ಲ ಮಾಡಿದರೂ ಅದು ಒಂದು ದಿನ ಸೋರಿತು. ಹಳೆಯ ರಿವೆಟ್ಟೊಂದು ಸಡಿಲಾಗಿ, ಹನಿ ಹನಿ. ಕಾಕಾ ಹೆದರಲಿಲ್ಲ. ಪಾತ್ರೆ ಸೋರಿದರೆ ತೇಪೆ ಹಾಕುವುದು ಅವನ ಕಸುಬು. ಯಾವ ತೇಪೆ? ತಾಮ್ರದ್ದು. "ಅಲ್ಯೂಮಿನಿಯಂ ನಿನ್ನೆ ಮೊನ್ನೆ ಹುಟ್ಟಿದ್ದು. ತಾಮ್ರ ಹಿರೇ ಮನಷ್ಯಾ. ಹಿರೇರು ಕಾವಲಿದ್ರ ಮನಿ ಭದ್ರ" ಎಂದು ಶಿರಸಿಯ ಕಂಚುಗಾರನನ್ನೇ ಕರೆದೊಯ್ದು, ತಾಮ್ರದ ರಿವೆಟ್ಟು ಹೊಡೆಸಿ ಬಂದ.

ಒಂದೆರಡು ತಿಂಗಳಿಗೆ ಆ ತೇಪೆಯ ಅಕ್ಕಪಕ್ಕ ಎರಡು ತೂತು. ಕಾಕಾ ಎರಡು ತೇಪೆ ಹಾಕಿಸಿದ. ಅವುಗಳ ಪಕ್ಕ ನಾಲ್ಕು. ಹಿರಿಯರು ಹೆಚ್ಚಾದಷ್ಟೂ ಮನೆ ಒಡೆಯುತ್ತ ಹೋಯಿತು! ಎಂಟು ವರ್ಷಗಳಲ್ಲಿ ದೋಣಿಯ ತಳ ಎಷ್ಟು ಅಲ್ಯೂಮಿನಿಯಂ, ಎಷ್ಟು ತಾಮ್ರ ಎಂದು ಹೇಳುವುದೇ ಕಷ್ಟವಾಯಿತು. ಪೇಟೆಯಲ್ಲಿ ಡಬರಿ ಕೊಳ್ಳುವವರು ಮೊದಲು ದೋಣಿಯ ಆರೋಗ್ಯ ಕೇಳಿ ಆಮೇಲೆ ವ್ಯಾಪಾರಕ್ಕೆ ಬರುತ್ತಿದ್ದರು.

ಜಟ್ಟಿ ಮಾತ್ರ ತಲೆ ಕೆಡಿಸಿಕೊಂಡವನಲ್ಲ. ತೆಂಗಿನ ಗರಟೆಯಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತ ಹೇಳುತ್ತಿದ್ದ. "ದೋಣಿ ಅಂದ್ರೆ ಚೂರು ಸೋರೂದೇ ಒಡೆಯಾ. ಸೋರೂದೇ ಇಲ್ಲ ಅಂದ್ರೆ ಅದು ನೀರಿಗಿಳಿದ ದೋಣಿ ಅಲ್ಲ."

"ಒಂದು ಹನಿ ಸೋರಬಾರದು" ಎನ್ನುತ್ತಿದ್ದ ಕಾಕಾ. "ಅದಾದ ಮ್ಯಾಲ ಮುಂದಿನ ಮಾತು."

ಮುಂದಿನ ಮಾತು ಯಾವುದು? ಅದನ್ನು ಅವನು ಯಾರಿಗೂ ಹೇಳಲಿಲ್ಲ. ನಾನು ತಿಳಿದದ್ದು, ಇದು ವ್ಯಾಪಾರಿಯ ಮಾನದ ಪ್ರಶ್ನೆ ಎಂದು. ಪಾತ್ರೆ ಸಾಹುಕಾರನ ಅತಿ ದೊಡ್ಡ ಪಾತ್ರೆಯೇ ಸೋರಿದರೆ ಹೇಗೆ?

ಅವನ ಪರೀಕ್ಷೆಯ ಕ್ರಮವೂ ವಿಚಿತ್ರವಾಗಿತ್ತು. ಪ್ರತಿ ಸಲ ಮನೆಯಿಂದ ಒಂದು ಜಮಖಾನೆ ಒಯ್ದು ದೋಣಿಯ ತಳದಲ್ಲಿ ಹಾಸುತ್ತಿದ್ದ. ಜಟ್ಟಿ ಒಬ್ಬನೇ ಹುಟ್ಟು ಹಾಕುತ್ತ ಆಚೆ ದಂಡೆಯ ತದಡಿಗೆ ಹೋಗಿ ಬರಬೇಕು. ಕಾಕಾ ಈಚೆ ದಂಡೆಯಲ್ಲಿ ನಿಂಬೆಹಣ್ಣು ಮೂಸುತ್ತ ನಿಲ್ಲುವನು. ಹೌದು, ಎಂಟು ವರ್ಷಗಳಲ್ಲಿ ಒಡೆಯ ಒಂದು ಸಲವೂ ತನ್ನ ದೋಣಿ ಹತ್ತಿರಲಿಲ್ಲ! ಜಟ್ಟಿ ಮರಳಿದ ಕೂಡಲೇ ಜಮಖಾನೆಯನ್ನು ಒತ್ತಿ ನೋಡುವನು. ಒದ್ದೆ. ಸುತ್ತಿ ಕಂಕುಳಲ್ಲಿಟ್ಟುಕೊಂಡು ಸಪ್ಪೆ ಮುಖ ಮಾಡಿ ಬಸ್ಸು ಹತ್ತುವನು. ಮನೆಯಲ್ಲಿ ನಮ್ಮ ಚಿಗವ್ವ, ಕಾಕಾನ ಹೆಂಡತಿ, ಅದರ ಉಪ್ಪು ತೊಳೆದು ಹಗ್ಗಕ್ಕೆ ಹರವುತ್ತಿದ್ದಳು.

ಆ ಜಮಖಾನೆ ಅವಳ ತವರಿನದು, ಮದುವೆಯಲ್ಲಿ ಕೊಟ್ಟದ್ದು. ಎಂಟನೆಯ ವರ್ಷ ಒಂದು ಸೋಮವಾರ, ಒಗೆಯುವಾಗ ಅದು ಅಂಚಿನಲ್ಲಿ ಪರ್ರೆಂದು ಹರಿಯಿತು. ಚಿಗವ್ವ ಕೈ ಒರೆಸಿಕೊಂಡು ಹೊರಗೆ ಬಂದಳು.

"ಮುಂದಿನ ಸಲ ನಾನೂ ಬರ್ತೀನಿ. ಇದಕ್ಕ ಅಲ್ಲೇನಾಗ್ತೈತಿ ನೋಡಬೇಕು."

ಬಂದಳು. ನಾನೂ ಜೊತೆಗೆ ಹೋದೆ. ಮರಳ ಮೇಲೆ ದೋಣಿಯನ್ನು ಬೋರಲು ಹಾಕಿಸಿದಳು. ಕುಕ್ಕುರುಗಾಲಲ್ಲಿ ಕುಳಿತು, ಒಂದು ತೇಪೆಯ ಸುತ್ತ ಬೆರಳಾಡಿಸಿದಳು. ಬಿಳಿಯ ಪುಡಿ ಉದುರಿತು. ಇನ್ನೊಂದರ ಸುತ್ತಲೂ ಅದೇ. ತಾಮ್ರ ಮಾತ್ರ ಗಟ್ಟಿಮುಟ್ಟಾಗಿ ಕೂತಿತ್ತು.

"ಅಲ್ರೀ, ಡಬರಿಯೊಳಗ ಸಾರಿದ್ದಾಗ ಹಿತ್ತಾಳಿ ಸವುಟು ಹಂಗ ಬಿಟ್ರ ಏನಾಗ್ತೈತಿ?"

"ಸವುಟು ಕೂತಲ್ಲೆ ಡಬರಿ ತಿಂದು ಹೋಗ್ತೈತಿ" ಎಂದ ಕಾಕಾ. ಅಂಗಡಿಯಲ್ಲಿ ಇದನ್ನೂ ನೂರು ಸಲ ಹೇಳಿದವನು.

"ಮತ್ತ ದೋಣಿಗೆ ಇಷ್ಟು ಸವುಟು ಯಾಕ ಬಡದೀರಿ?"

ಕಾಕಾನ ಕಥೆ ಹಾಗಿರಲಿ, ನನ್ನದು ಕೇಳಿ. ಗಾಜಿನ ಲೋಟದಲ್ಲಿ ಉಪ್ಪುನೀರು, ಅದರಲ್ಲಿ ಎರಡು ಬೇರೆ ಬೇರೆ ಲೋಹದ ಪಟ್ಟಿಗಳು, ಎರಡನ್ನೂ ಜೋಡಿಸಿದರೆ ಒಂದು ಸವೆಯುತ್ತದೆ ಎಂದು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕಲಿಸುತ್ತಿದ್ದವನು ನಾನು! ಚಿತ್ರ ಸರಿಯಾಗಿ ಬರೆಯದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅವತ್ತು ಅಲ್ಲೊಂದು ಬೆಂಚಿದ್ದರೆ ನಾನೇ ಹತ್ತಿ ನಿಲ್ಲುತ್ತಿದ್ದೆ. ಜಟ್ಟಿ ಮರ್ಯಾದೆಯಿಂದ ಸಮುದ್ರದ ಕಡೆ ನೋಡುತ್ತಿದ್ದ.

ಕಾಕಾ ಒಂದೊಂದೇ ತಾಮ್ರ ಕೀಳಿಸಿದ. ಅಂಗಡಿಯ ಒಳ್ಳೆಯ ಡಬರಿಗಳ ತಳ ಕತ್ತರಿಸಿ ತೇಪೆ ಮಾಡಿಸಿದ, ಡಬರಿಯ ಹಿಡಿಕೆಗೆ ಹೊಡೆಯುವ ಅಲ್ಯೂಮಿನಿಯಂ ರಿವೆಟ್ಟುಗಳನ್ನೇ ಹೊಡೆಸಿದ. ಇದಕ್ಕೆ ಎರಡು ತಿಂಗಳು ಹಿಡಿಯಿತು. ಆಮೇಲೆ ಒಂದು ಭಾನುವಾರ, "ನೀನೂ ಬಾ. ಜಮಖಾನಿ ತಗೋ" ಎಂದು ಚಿಗವ್ವನಿಗೆ ಹೇಳಿದ. ನಾನು ಕರೆಯದಿದ್ದರೂ ಹೋದೆ.

ಜಟ್ಟಿ ತದಡಿಗೆ ಹೋಗಿ ಮರಳಿ ಬಂದ. ಕಾಕಾ ಜಮಖಾನೆಯನ್ನು ಒತ್ತಿ ನೋಡಿದ. ನಾಲ್ಕು ಮೂಲೆಯಲ್ಲೂ ಒತ್ತಿದ. ನಂಬಿಕೆ ಬಾರದೆ ಎತ್ತಿ ಕೆನ್ನೆಗೆ ಹಿಡಿದ. ಒಣಗಿತ್ತು. ಅದನ್ನು ಮತ್ತೆ ದೋಣಿಯ ತಳದಲ್ಲಿ ಹಾಸಿ, ಮುದುರು ಸರಿಮಾಡಿ, ಚಿಗವ್ವನ ಕಡೆ ತಿರುಗಿದ.

"ಕೂಡು ಬಾ" ಎಂದ. "ಅವತ್ತಿಂದು ಮರದ್ದಿತ್ತು. ಮರದ್ದು ನನಗ ತಿಳಿಯಂಗಿಲ್ಲ. ಇದು ತಿಳೀತೈತಿ."

ಚಿಗವ್ವ ಮುಖ ಆಚೆ ತಿರುಗಿಸಿದಳು. ಅವತ್ತು ಎಂದರೆ ಯಾವತ್ತು ಎಂದು ನಾನೇ ಕೇಳಬೇಕಾಯಿತು. ಮದುವೆಯಾದ ಹೊಸದರಲ್ಲಿ ಇಬ್ಬರೂ ನದಿಯಾಚೆಯ ಗೋಕರ್ಣಕ್ಕೆ ಹೊರಟು ಇದೇ ದಂಡೆಗೆ ಬಂದಿದ್ದರಂತೆ. ದಾಟಿಸಲು ನಿಂತಿದ್ದ ಮರದ ದೋಣಿಯ ತಳದಲ್ಲಿ ಒಂದಿಷ್ಟು ನೀರು ಕಂಡು ಕಾಕಾನ ಕಾಲು ಮುಂದೆ ಹೋಗಲಿಲ್ಲ. "ಇಲ್ಲಿಂದನ ಕೈ ಮುಗಿ" ಎಂದನಂತೆ. ಹದಿನೇಳು ವರ್ಷದ ಮದುಮಗಳು ಈ ದಂಡೆಯಿಂದಲೇ ಶಿವನಿಗೆ ಕೈಮುಗಿದು, ಒಯ್ದ ತೆಂಗಿನಕಾಯಿಯನ್ನು ಹಾಗೇ ಹೊತ್ತು ಶಿರಸಿಗೆ ಮರಳಿದಳು.

"ಸುತ್ತು ದಾರಿಯಲ್ಲಿ ಹೋಗಬಹುದಿತ್ತಲ್ಲ ಚಿಗವ್ವ?"

"ಒಂದ್ ದಿನ ನಾನೇ ದಾಟಿಸ್ತೀನಿ ಅಂದಿದ್ರು ನಿಮ್ಮ ಕಾಕಾ" ಎಂದಳು. "ಇಪ್ಪತ್ತೆಂಟು ವರ್ಷದ ಮಾತು. ಯಾರಿಗೆ ನೆನಪಿರ್ತೈತಿ."

ನೆನಪಿಲ್ಲದವಳ ಕೈಚೀಲದಲ್ಲಿ ಒಂದು ತೆಂಗಿನಕಾಯಿ ಇತ್ತು.

ಅವಳು ಹತ್ತಿ ಜಮಖಾನೆಯ ಮೇಲೆ ಕುಳಿತಳು. ಕಾಕಾ ಕಣ್ಣು ಮುಚ್ಚಿಕೊಂಡು ಅವಳ ಪಕ್ಕ ಕುಳಿತ. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಅವಳ ಕೈ. ನಡುನೀರಿನಲ್ಲಿ ಚಿಗವ್ವ ಮೆಲ್ಲಗೆ, "ಕಣ್ಣು ತಗೀರಿ, ದಡ ಕಾಣಾಕ ಹತ್ತೇತಿ" ಎಂದಳು. ಎಂಟು ವರ್ಷ ಅವನನ್ನು ನೋಡಿ ನಕ್ಕು ನಕ್ಕು ಊರಿಗೆಲ್ಲ ಹೇಳಿಕೊಂಡು ತಿರುಗಿದ ನನಗೆ ನಾಚಿಕೆಯಾಯಿತು. ಹಿಂದೆ ಕುಳಿತು ನೀರು ನೋಡುತ್ತಿದ್ದೆ.

ಗೋಕರ್ಣದಲ್ಲಿ ಕಾಯಿ ಒಡೆದು, ಸಂಜೆ ಮತ್ತೆ ಈಚೆ ದಂಡೆಗೆ ಬಂದಿಳಿದೆವು. ಕಾಕಾ ಜಮಖಾನೆಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡ.

"ಜಟ್ಟಿ, ದೋಣಿ ಇನ್ನ ನಿಂದು."

ಜಟ್ಟಿ ದೋಣಿಯ ಅಂಚಿನ ಮೇಲೆ ಕೈ ಇಟ್ಟ. "ನಾಳೆ ಇದು ಸೋರಿದ್ರೆ ಎಂತ ಮಾಡೂದು ಒಡೆಯಾ?" ಎಂದು ಕೇಳಿದ.

"ಇನ್ನ ಸೋರಿದ್ರ ಸೋರಲಿ ಬಿಡು" ಎಂದ ಕಾಕಾ, ಮುಂದೆ ಹೋಗುತ್ತಿದ್ದ ಚಿಗವ್ವನನ್ನು ಕೂಡಿಕೊಳ್ಳಲು ಬೇಗ ಬೇಗ ಹೆಜ್ಜೆ ಹಾಕುತ್ತ.